ಹದಿನೆಂಟು ಮನೆಯ ಕಸದ ಡಬ್ಬಿ

ಸಾಗರದ ಆ ಹೊಸ ಕೇರಿಗೆ ಬಂದು ನೆಲೆಸಿದವರೆಲ್ಲ ಹಳ್ಳಿಯಿಂದ ಬಂದವರೇ. ಗುಮಾಸ್ತರು, ಮೇಷ್ಟರು, ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದವರು. ಊರಲ್ಲಿದ್ದಾಗ ಅವರಿಗೆ ಕಸ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ತರಕಾರಿ ಸಿಪ್ಪೆ ದನಕ್ಕೆ, ಉಂಡ ಬಾಳೆಲೆ ಗೊಬ್ಬರಗುಂಡಿಗೆ, ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ, ಉಳಿದದ್ದು ಯಾವುದಾದರೂ ಗಿಡದ ಬುಡಕ್ಕೆ. ಪೇಟೆಗೆ ಬಂದ ಮೇಲೆ ದನವೂ ಇಲ್ಲ, ಗುಂಡಿಯೂ ಇಲ್ಲ, ಹಿತ್ತಲೆಂದರೆ ನಾಲ್ಕು ಹೆಜ್ಜೆ ನೆಲ. ಹೀಗಾಗಿ ಹದಿನೆಂಟು ಮನೆಯ ಹಿಂಬಾಗಿಲಲ್ಲೂ ಒಂದೊಂದು ಸೀಮೆಎಣ್ಣೆ ಡಬ್ಬಿ ಬಂದು ಕೂತಿತು. ತುಂಬಿದಾಗ ಕೇರಿಯ ಮೂಲೆಯ ಸಿಮೆಂಟ್ ತೊಟ್ಟಿಗೆ ಸುರಿದು ಬರುವುದು. ತೊಟ್ಟಿಯನ್ನು ಮುನ್ಸಿಪಾಲಿಟಿಯವರು ಖಾಲಿ ಮಾಡುತ್ತಿದ್ದರು. ಡಬ್ಬಿ ತೊಳೆಯುವವರು ಯಾರು? ಮನೆಯ ಗಂಡಸರು ಅದರ ಕಡೆ ತಿರುಗಿ ನೋಡರು, ಹೆಂಗಸರಿಗೆ ಮಡಿ, ಅಡಿಗೆ, ಪೂಜೆ. ಮಳೆಗಾಲದಲ್ಲಿ ಡಬ್ಬಿಯ ತಳದಲ್ಲಿ ನಾಲ್ಕು ಬೆರಳು ಕಪ್ಪು ನೀರು ನಿಂತು, ಬಿಳಿ ಹುಳ ಹತ್ತಿ, ಊಟಕ್ಕೆ ಕೂತವರಿಗೆ ವಾಸನೆ ಬರುತ್ತಿತ್ತು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಹೂವಮ್ಮ ಆ ಕೇರಿಗೆ ಮೊದಲು ಕಾಲಿಟ್ಟದ್ದು ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟು ಬರಲಿಕ್ಕೆ. ಆಗ ಅವಳು ಪೇಟೆಯ ವರದಮ್ಮನ ಮನೆಯಲ್ಲಿದ್ದಳು. ಅವಳ ಊರು ಹೊಸನಗರದ ಕಡೆಯದು. ಲಿಂಗನಮಕ್ಕಿಯ ನೀರು ಏರಿದಾಗ ಆ ಊರು ಮುಳುಗಿತು. ಮರುವರ್ಷ ಗಂಡನೂ ತೀರಿಕೊಂಡ. ವರದಮ್ಮ ದೂರದ ನಂಟಿನಲ್ಲಿ ಅತ್ತಿಗೆಯಾಗಬೇಕು. "ಬಾ, ನಮ್ಮನೇಲೇ ಇರು, ಹೊರಗಿನೋಳೇನೆ ನೀನು?" ಎಂದು ಕರೆದುಕೊಂಡು ಬಂದಳು. ಮನೆಯವಳೇ ಆದ್ದರಿಂದ ಸಂಬಳವೆಂಬ ಮಾತಿರಲಿಲ್ಲ. ಮನೆಯವಳೇ ಆದ್ದರಿಂದ ರಜೆಯೂ ಇರಲಿಲ್ಲ. ತೆಂಗಿನಕಾಯಿ, ಗೋಣಿಚೀಲ ಒಟ್ಟಿದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹದಿನಾಲ್ಕು ವರ್ಷ ಮಲಗಿದಳು. "ಹೂವೀ" ಎಂಬ ಕೂಗು ಯಾವ ಹೊತ್ತಿನಲ್ಲಿ ಬಂದರೂ ಏಳಬೇಕು. ಕೂತರೆ ಕಣ್ಣು, ನಿಂತರೆ ಕಣ್ಣು. ಸಕ್ಕರೆ ಡಬ್ಬಿ ಮುಚ್ಚಿದ ಮೇಲೂ ವರದಮ್ಮ ಒಮ್ಮೆ ಅದರ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚುತ್ತಿದ್ದಳು.

ಹಪ್ಪಳ ತಂದ ಆ ದಿನ ವೇದಾವತಿ ತನ್ನ ಹಿತ್ತಲಲ್ಲಿ ಸೆರಗಿನಿಂದ ಮೂಗು ಮುಚ್ಚಿ ನಿಂತಿದ್ದಳು. ಮದುವೆಯಾಗಿ ಎರಡು ವರ್ಷವಾದ ಹುಡುಗಿ. ಗಂಡ ಹೇರಂಬ ಯಾವುದೋ ಕಚೇರಿಯಲ್ಲಿ ಗುಮಾಸ್ತ.

"ಎಂತ ಮಾಡ್ತಿದ್ರಿ ಅಮ್ಮ?"

"ಈ ಡಬ್ಬಿ ತೊಳೀಬೇಕು ಅಂತ ನಿನ್ನೆಯಿಂದ ನೋಡ್ತಾ ಇದೀನಿ. ಅದೂ ನನ್ನ ನೋಡ್ತಾ ಇದೆ" ಎಂದಳು ವೇದಾವತಿ. ಅಳು ಒಂದು ಕಡೆ, ನಗು ಒಂದು ಕಡೆ.

"ಸರೀರಿ ಆಚೆ."

ಹೂವಮ್ಮ ಡಬ್ಬಿಯನ್ನು ತೊಟ್ಟಿಗೆ ಸುರಿದು ಬಂದಳು. ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದಳು, ಬಿಸಿನೀರು ಹೊಯ್ದಳು, ಬೇಲಿಯ ಲಕ್ಕಿ ಸೊಪ್ಪು ಮುರಿದು ಹೊಗೆ ಹಾಕಿ ಆ ಹೊಗೆಯ ಮೇಲೆ ಡಬ್ಬಿಯನ್ನು ಬೋರಲು ಹಾಕಿದಳು. ವೇದಾವತಿ ಬಗ್ಗಿ ಮೂಸಿ ನೋಡಿದಳು.

"ಇದಕ್ಕೆ ನಿಂಗೆ ಎಂತ ಕೊಡ್ಲಿ ಹೂವಮ್ಮ?"

ಹದಿನಾಲ್ಕು ವರ್ಷದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಹೂವಮ್ಮ ಕೈ ತೊಳೆದುಕೊಂಡಳು. "ನಾಳೆ ಹೇಳ್ತೀನಿ ಅಮ್ಮ" ಎಂದು ಬಂದುಬಿಟ್ಟಳು. ರಾತ್ರಿಯೆಲ್ಲ ಆ ಪ್ರಶ್ನೆಯನ್ನೇ ಮಗ್ಗುಲಲ್ಲಿಟ್ಟುಕೊಂಡು ಮಲಗಿದಳು. ತಿಂಗಳು ಕಳೆಯುವುದರೊಳಗೆ ವರದಮ್ಮನ ಮನೆ ಬಿಟ್ಟು ತಮ್ಮ ತಿಮ್ಮಣ್ಣನ ಸೈಕಲ್ ಶಾಪಿನ ಹಿಂದಿನ ಶೆಡ್ಡಿಗೆ ಬಂದಳು.

ಕೇರಿಯ ಡಬ್ಬಿಗಳನ್ನೆಲ್ಲ ತೊಳೆದುಕೊಟ್ಟು ಮನೆಗಿಷ್ಟು ಎಂದು ದುಡ್ಡು ತಗೊಳ್ಳುತ್ತೇನೆ ಎಂದದ್ದು ಕೇಳಿ ತಿಮ್ಮಣ್ಣ ಸ್ಪಾನರ್ ಕೆಳಗಿಟ್ಟ. "ಅಕ್ಕಯ್ಯ, ಜನ ಹೋಟ್ಲು ಇಡ್ತಾರೆ, ಬೀಡಾ ಅಂಗ್ಡಿ ಇಡ್ತಾರೆ. ಕಸದ ಡಬ್ಬಿ ತಿಕ್ಕೋ ಅಂಗ್ಡಿ ಇಟ್ಟೋರ್ನ ನಾನು ಕೇಳಿಲ್ಲ. ಬೋರ್ಡ್ ಬರ್ಸಣಾ?"

"ಬೋರ್ಡ್ ಬೇಡ. ಒಂದು ಗಾಡಿ ಮಾಡ್ಕೊಡು."

"ಕುದ್ರೆ ಕಟ್ಟದೋ, ನೀನೇ ಎಳ್ಯದೋ?"

"ನಿನ್ನ ಕಟ್ತೀನಿ" ಎಂದಳು. ಅವನು ನಕ್ಕ. ಎರಡು ಸೈಕಲ್ ಚಕ್ರಕ್ಕೆ ಹಲಗೆ ಹೊಡೆದು ಆರು ಡಬ್ಬಿ ಕೂರುವ ಗಾಡಿ ಮಾಡಿಕೊಟ್ಟ.

ದಿನಕ್ಕೆ ಆರು ಮನೆ. ಮೂರು ದಿನಕ್ಕೆ ಕೇರಿ ಮುಗಿಯುವುದು, ನಾಲ್ಕನೆಯ ದಿನ ಮತ್ತೆ ಮೊದಲಿಂದ. ಬೆಳಿಗ್ಗೆ ಕಸ ತೊಟ್ಟಿಗೆ ಸುರಿದು ಖಾಲಿ ಡಬ್ಬಿ ಒಯ್ದು, ಶೆಡ್ಡಿನ ಬಾವಿಕಟ್ಟೆಯಲ್ಲಿ ತಿಕ್ಕಿ ಒಣಗಿಸಿ, ಸಂಜೆ ಅವರವರ ಹಿಂಬಾಗಿಲಿಗೆ ತಂದಿಡುವುದು. ಕೆಲಸ ಕಷ್ಟವಲ್ಲ, ಕಟ್ಟಳೆ ಕಷ್ಟ. ಮೊದಲ ವಾರವೇ ಎರಡು ಡಬ್ಬಿ ಅದಲುಬದಲಾಗಿ, ಮೇಷ್ಟರ ಹೆಂಡತಿ ಮನೋರಮಾ ಕೇರಿಯೇ ಕೇಳುವ ಹಾಗೆ ಕೂಗಿದ್ದಳು.

"ಇದು ನಮ್ಮನೆ ಡಬ್ಬಿ ಅಲ್ಲ! ಆಚೆಮನೆಯೋರದ್ದು! ಅವ್ರು ಮೊಟ್ಟೆ ತಿಂತಾರೆ!"

"ತೊಳ್ದಿದೀನಲ್ಲ ಅಮ್ಮ."

"ತೊಳೆದ್ರೆ ಹೋಗತ್ತಾ ಅದು?"

ಒಂದು ಮನೆಯ ಕಸಕ್ಕೂ ಇನ್ನೊಂದು ಮನೆಯ ಕಸ ಮೈಲಿಗೆ ಎಂದು ಹೂವಮ್ಮನಿಗೆ ಅವತ್ತು ತಿಳಿಯಿತು. ಅಂದಿನಿಂದ ಒಂದೊಂದು ಡಬ್ಬಿಗೆ ಒಂದೊಂದು ಗುರುತು ಬರೆದಳು. ಕೆಮ್ಮಣ್ಣು ಬಳಿದು ಅದರ ಮೇಲೆ ಸುಣ್ಣದ ಗೆರೆ, ಮದುವೆಯ ಹಸೆಗೋಡೆಗೆ ಬರೆಯುವ ಹಾಗೆ: ಒಂದು ಮನೆಗೆ ಬಾಸಿಂಗದ ಚಿತ್ತಾರ, ಒಂದಕ್ಕೆ ನಿಲಿಯ ಗೆರೆ, ಒಂದಕ್ಕೆ ಗೂಡಿನದು. ಆ ಗೆರೆ ಎಳೆಯುವುದರಲ್ಲಿ ಅವಳ ಕೈ ಹೆಸರಾದದ್ದು. ಅವಳ ಕಡೆಯ ಮದುವೆಯಾದರೆ ಹಸೆಗೋಡೆ ಬರೆಯಲಿಕ್ಕೆ ಅವಳಿಗೇ ಹೇಳಿಕಳಿಸುತ್ತಿದ್ದರು.

ಮುನ್ಸಿಪಾಲಿಟಿಯ ಪುಷ್ಪಮ್ಮ ತೊಟ್ಟಿ ಬಳಿಯಲು ಬಂದವಳು ಒಮ್ಮೆ ಸಲಿಕೆಗೆ ಗಲ್ಲ ಊರಿ ನಿಂತು ಆ ಡಬ್ಬಿಗಳನ್ನು ನೋಡಿದಳು. "ಚೆಂದ ಬರ್ದಿದೀರಿ. ಆದ್ರೆ ಒಂದ್ಮಾತು ಹೂವಮ್ಮ. ಈ ಕೆಲ್ಸ ನಮ್ ಮಕ್ಳಿಗೆ ಬ್ಯಾಡ ಅಂತ ನಾವು ದೇವ್ರಿಗೆ ಕೈ ಮುಗೀತೀವಿ. ನೀವು ಕೈಯಾರೆ ಹಿಡ್ಕಂಡ್ರಲ್ಲ!"

ಹೂವಮ್ಮ ಡಬ್ಬಿಗಳನ್ನು ಗಾಡಿಗೆ ಏರಿಸಿದಳು. ತನಗೆ ಬೇಡವಾದರೆ ನಾಳೆಯೇ ಬಿಡಬಹುದು, ಪುಷ್ಪಮ್ಮನಿಗೆ ಹಾಗಿಲ್ಲ ಎಂಬುದು ಗಾಡಿ ಎಳೆದುಕೊಂಡು ಬರುವಾಗ ಹೊಳೆಯಿತು. ಹೊಳೆದದ್ದು ಹಿತವಾಗಿರಲಿಲ್ಲ.

ಆದರೆ ಬಿಟ್ಟರೆ ಹೋಗುವುದೆಲ್ಲಿಗೆ? ಮರುವರ್ಷ ಹೊಸನಗರದ ಕಡೆ ನಂಟರ ಮದುವೆಗೆ ಹೋದಾಗ ಹಸೆಗೋಡೆಗೆ ಕೆಮ್ಮಣ್ಣು ಬಳಿದು ಆಗಿತ್ತು. ಹೂವಮ್ಮ ಕಡ್ಡಿಗೆ ನಾರು ಸುತ್ತಿಕೊಂಡು ಎದ್ದಳು. ಮದುಮಗಳ ಅಜ್ಜಿ ಕೈ ಹಿಡಿದು ಕೂರಿಸಿದಳು. "ಈ ಸಲ ನೀನು ಸುಧಾರಿಸ್ಕ ತಂಗಿ. ಹುಡುಗ್ರು ಬರೀತಾರೆ." ಕಸ ಮುಟ್ಟುವ ಕೈ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಎಲೆಯಲ್ಲಿ ಎರಡು ಹೋಳಿಗೆ ಹೆಚ್ಚೇ ಬಡಿಸಿದರು. ಊರಿಂದ ಬಂದ ಮೇಲೆ ವರದಮ್ಮ ಪೇಟೆಬೀದಿಯಲ್ಲಿ ಸಿಕ್ಕಳು.

"ನಂಟ್ರ ಮನೇಲೂ ಹಂಗೇ ಆಯ್ತಂತಲ್ಲ ಹೂವಿ. ನಿನ್ನ ಕೋಣೆ ಹಂಗೇ ಇದೆ. ಡಬ್ಬಿ ತಿಕ್ಕಿ ಸಾಕಾದ ದಿನ ಬಾ. ನಾನು ಬಾಗ್ಲು ಹಾಕಿಲ್ಲ."

"ಆಗ್ಲಿ ಅತ್ತಿಗಮ್ಮ" ಎಂದಳು ಹೂವಮ್ಮ. ಆ ತೆರೆದ ಬಾಗಿಲಿಗಿಂತ ಅವಳಿಗೆ ಹೆದರಿಕೆ ಹುಟ್ಟಿಸುವುದು ಇನ್ನೊಂದಿರಲಿಲ್ಲ. ಕೇರಿ ಕೈಬಿಟ್ಟರೆ ಆ ಬಾಗಿಲೇ ಗತಿ. ತಿಮ್ಮಣ್ಣನ ದುಡಿಮೆ ಅವನ ಒಬ್ಬನ ಹೊಟ್ಟೆಗೇ ಸರಿಹೋಗುವಂಥದ್ದು. ಹಾಗಾಗಿ ಹೂವಮ್ಮ ಕೇರಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡಳು. ಕಸದಲ್ಲಿ ಬೆಳ್ಳಿ ಚಮಚ ಸಿಕ್ಕಿದರೆ ತೊಳೆದು ಕೊಟ್ಟಳು. ಹರಿದು ಎಸೆದ ಕಾಗದ ಓದಲು ಬಾರದಿದ್ದರೂ ಮಡಚಿಯೇ ಎಸೆದಳು. ಯಾರ ಮನೆಯಲ್ಲಿ ಏನು ಕೊಳೆಯುತ್ತದೆಂದು ಇನ್ನೊಬ್ಬರ ಮನೆಯಲ್ಲಿ ಆಡಲಿಲ್ಲ. ಎರಡು ವರ್ಷದಲ್ಲಿ ಹದಿನೆಂಟು ಮನೆಯವರೂ ಬೆನ್ನು ತಿರುಗಿಸಿ ಹೋಗುವಷ್ಟು ನಂಬಿದರು. ಬೆನ್ನು ತಿರುಗಿಸಿದ ಜನರನ್ನು ನೋಡುವುದೆಂದರೆ ಅವಳಿಗೆ ಒಂದು ಸುಖ.

ಎಂಬತ್ತೊಂದರ ವೈಶಾಖ. ಹೇರಂಬನ ತಾಯಿ ಮಹಾಲಕ್ಷ್ಮಮ್ಮ ನಂಟರ ಮನೆಯ ಉಪನಯನಕ್ಕೆ ಇಕ್ಕೇರಿಗೆ ಹೋಗಿದ್ದರು. ಮನೆಯಲ್ಲಿ ವೇದಾವತಿ ಒಬ್ಬಳೇ. ಮಧ್ಯಾಹ್ನಕ್ಕೆ ಗಂಡನ ಕಚೇರಿಯವರು ಊಟಕ್ಕೆ ಬರುವವರಿದ್ದರು. ಹೂವಮ್ಮ ಹಿತ್ತಲಿಗೆ ಬಂದಾಗ ಅವಳು ಒಲೆಯ ಮುಂದಿಂದಲೇ ಕೂಗಿ ಹೇಳಿದಳು.

"ಹಿತ್ಲಲ್ಲಿರೋ ಡಬ್ಬಿ ಎಲ್ಲಾ ತಿಕ್ಕಿಬಿಡು ಮಾರಾಯ್ತಿ. ಬಂದೋರು ಕೈ ತೊಳ್ಯೋಕೆ ಅಲ್ಲಿಗೇ ಬರ್ತಾರೆ. ಒಂದೂ ಕಾಣಬಾರ್ದು."

ಅಲ್ಲಿ ಮೂರಿದ್ದವು. ಒಂದು ಕಸದ್ದು, ಒಂದು ಕಾಯಿಸಿಪ್ಪೆಯದ್ದು, ಮೂರನೆಯದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿದ್ದ ಹಳೆಯ ಡಾಲ್ಡಾ ಡಬ್ಬಿ. ಅದರ ತುಂಬ ಬೂದಿ. ಹೂವಮ್ಮ ಅದನ್ನೆತ್ತಿ ಒಳಗೆ ಕೈ ಹಾಕಿದಳು. ಬೂದಿ ನುಣ್ಣಗಿತ್ತು. ಬೆರಳುಗಳ ನಡುವೆ ಚಪ್ಪಟೆಯಾದದ್ದು ಏನೋ ಜಾರಿತು, ಒಂದಲ್ಲ, ಹಲವು. ಒಂದು ಗಳಿಗೆ ಕೈ ಅಲ್ಲೇ ನಿಂತಿತು. ಇನ್ನೂ ಐದು ಮನೆ ಬಾಕಿ. ಬಿಸಿಲೇರುತ್ತಿತ್ತು. ಜೊಳ್ಳಿರಬೇಕು ಎಂದುಕೊಂಡಳು. ಇಲ್ಲ, ಏನೂ ಅಂದುಕೊಳ್ಳಲಿಲ್ಲ. ಹಾಗೆ ಅಂದುಕೊಂಡೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಬೂದಿಯನ್ನು ತೊಟ್ಟಿಗೆ ಸುರಿದು, ತುಕ್ಕು ಹಿಡಿದ ಖಾಲಿ ಡಬ್ಬಿಯನ್ನೂ ಅಲ್ಲೇ ಬಿಟ್ಟಳು. ಮರುದಿನ ಬೆಳಿಗ್ಗೆ ಪುಷ್ಪಮ್ಮ ಮತ್ತು ಅವಳ ಜೊತೆಯವರು ತೊಟ್ಟಿ ಬಳಿದು ಟ್ರಾಕ್ಟರಿಗೆ ತುಂಬಿದರು.

ಮೂರನೆಯ ದಿನ ಮಹಾಲಕ್ಷ್ಮಮ್ಮ ಬಂದರು. ಕಾಲು ತೊಳೆಯುವ ಮೊದಲೇ ಒಗೆಯುವ ಕಲ್ಲಿನ ಕಡೆ ನೋಡಿದರು. ಹೂವಮ್ಮ ಪಕ್ಕದ ಮನೆಯ ಡಬ್ಬಿಯನ್ನು ಗಾಡಿಗೆ ಏರಿಸುತ್ತಿದ್ದಳು. ಬೇಲಿಯಾಚೆಯ ಮಾತು ಕಿವಿಗೆ ಬಿತ್ತು.

"ಬೂದಿ ಡಬ್ಬಿ ಎಲ್ಲಿದ್ದೇ ಕೂಸೆ? ನಾನು ಬಿಸ್ಲಿಗೆ ಇಟ್ಟಿಕ್ಕೆ ಹೋಗಿದ್ದಿ. ಸಂಜೆ ಒಳಗಿಡು ಹೇಳಿ ಹೇಳಿದ್ದಿ."

"ಗೊತ್ತಿಲ್ಲೆ ಅತ್ತೆ."

"ಗೊತ್ತಿಲ್ಲೆ ಅಂದ್ರೆ? ಮೊಗೆಬೀಜ ಇದ್ದು ಅದ್ರಲ್ಲಿ!"

ಹೂವಮ್ಮನ ಕೈಯಲ್ಲಿದ್ದ ಡಬ್ಬಿ ಜಾರಿ ಗಾಡಿಯ ಹಲಗೆಗೆ ಬಡಿಯಿತು. ಆ ಸದ್ದಿಗೆ ಮುದುಕಿ ಬೇಲಿಯ ಹತ್ತಿರ ಬಂದರು. ಸಣ್ಣ ಆಳು, ಬಗ್ಗಿದ ಬೆನ್ನು. ಮುಖದಲ್ಲಿ ಸಿಟ್ಟಿರಲಿಲ್ಲ, ಹುಡುಕಾಟವಿತ್ತು.

"ಹೂವಮ್ಮ, ನನ್ನ ಬೂದಿ ಡಬ್ಬಿ ಎಂತಾದ್ರೂ ನೀನು ತಗಂಡಿದ್ಯೇನೆ?"

ಮುದುಕಿಯ ಹಿಂದೆ ವೇದಾವತಿ ನಿಂತಿದ್ದಳು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಹೂವಮ್ಮ ಅವಳತ್ತ ನೋಡಿದಳು. ಆ ಹುಡುಗಿ ನೆಲ ನೋಡಿದಳು. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ.

"ಹೌದು ಅಮ್ಮ. ಕಸದ ಜೊತೆ ಅದನ್ನೂ ಚೆಲ್ಲಿಬಿಟ್ಟೆ. ತಪ್ಪಾಯ್ತು."

ಮಹಾಲಕ್ಷ್ಮಮ್ಮ ಬೇಲಿಯ ಗೂಟ ಹಿಡಿದುಕೊಂಡರು. ಅದು ಅಂಗಡಿಯಲ್ಲಿ ಸಿಗುವ ಬೀಜವಲ್ಲ. ಶರಾವತಿ ದಂಡೆಯ ಅವರ ಊರು ಮುಳುಗುವ ಮುಂಚೆ, ಸಾಮಾನು ಗಾಡಿಗೆ ಹೇರುವ ಗಡಿಬಿಡಿಯಲ್ಲಿ, ಅತ್ತೆ ಕೊಟ್ಟಿದ್ದ ಮೊಗೆಕಾಯಿಯ ಬೀಜವನ್ನು ಮುದುಕಿ ಬೂದಿಯಲ್ಲಿ ಕಲಸಿ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದರು. ಮೊಗೆಯೆಂದರೆ ಹುಳಿಗೆ ಹಾಕುವ ದಪ್ಪ ಸೌತೆ; ಇದು ಉದ್ದಕ್ಕೆ ಬೂದುಗೆರೆಯಿರುವ ಕಾಯಿ. ಮಾಡಿನ ಜಂತಿಗೆ ಕಟ್ಟಿದರೆ ಮುಂದಿನ ಮಳೆಯವರೆಗೂ ಕೆಡದು. ಹದಿನೇಳು ವರ್ಷ, ಬಾಡಿಗೆ ಮನೆಗಳಲ್ಲಿ ಸಹ, ಪ್ರತಿ ಮಳೆಗೆ ನಾಲ್ಕು ಬಳ್ಳಿ ಎಬ್ಬಿಸಿ ಬೀಜ ಉಳಿಸಿದ್ದರು. ಮನೆ, ಬಾವಿ, ದೇವರಕೋಣೆ ಎಲ್ಲ ನೀರಿನಡಿಯಲ್ಲಿತ್ತು. ಮೇಲೆ ಬಂದದ್ದು ಇದೊಂದೇ. ಇದನ್ನು ಕೇರಿಯವರೆಲ್ಲ ಅವರ ಬಾಯಿಂದಲೇ ಕೇಳಿದ್ದರು. ಹೂವಮ್ಮನೂ ಕೇಳಿದ್ದಳು.

"ಚೆಲ್ಲೋಕೆ ಮುಂಚೆ ಕೈ ಹಾಕಿ ನೋಡಿದ್ಯಾ?" ಎಂದು ಕೇಳಿದರು ಮುದುಕಿ.

ಇಲ್ಲ ಎಂದರೆ ಮುಗಿಯುತ್ತಿತ್ತು. ಗೊತ್ತಿಲ್ಲದವಳು, ಕೆಲಸದ ಅವಸರ, ಹೋಗಲಿ ಎನ್ನುತ್ತಿದ್ದರು. ಆದರೆ ಆ ಹೊಳೆದಂಡೆಯ ಸೀಮೆಯಲ್ಲಿ ಬೂದಿಯೆಂದರೆ ಬೀಜದ ಮನೆ. ಒಲೆಯ ಮೇಲಿನ ಅಟ್ಟದಲ್ಲಿ ಸೌತೆ, ಹೀರೆ, ಪಡವಲ, ಎಲ್ಲದರ ಬೀಜ ಬೂದಿಯಲ್ಲೇ ಮಲಗಿರುತ್ತಿತ್ತು. ಕೈ ಹಾಕಿ ನೋಡದೆ ಬೂದಿ ಚೆಲ್ಲಿದ್ದಕ್ಕೆ ಹೂವಮ್ಮ ಎಂಟು ವರ್ಷದವಳಿದ್ದಾಗ ತಾಯಿಯಿಂದ ಹುಣಸೆ ಬರಲಿನ ಪೆಟ್ಟು ತಿಂದಿದ್ದಳು. ಅದಕ್ಕೇ ಇವತ್ತಿಗೂ ಕೈ ತಾನಾಗಿ ಒಳಗೆ ಹೋಗಿತ್ತು. ಹೋದ ಕೈಗೆ ಬೀಜವೂ ಸಿಕ್ಕಿತ್ತು. ಎರಡು ವರ್ಷದಿಂದ ಮುಟ್ಟಿದ್ದೆಲ್ಲ ಕಸವೇ ಆಗಿದ್ದ ಕೈ ಅದನ್ನೂ ಕಸವೆಂದೇ ತಿಳಿಯಿತು.

"ಹಾಕಿದೆ ಅಮ್ಮ. ಕೈಗೆ ಸಿಕ್ತು."

"ನಿಮ್ಮೂರು ಯಾವ ಕಡೆ ಅಂದಿದ್ದೆ?"

"ಹೊಸನಗರದ ಕಡೆ. ನಮ್ದೂ ಮುಳುಗಿದ್ದೇ."

"ಹಂಗಾದ್ರೆ ಗೊತ್ತಿತ್ತು ನಿಂಗೆ" ಎಂದರು ಮಹಾಲಕ್ಷ್ಮಮ್ಮ. ಬೈದಂತಿರಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮರುದಿನ ಆ ಹಿಂಬಾಗಿಲಲ್ಲಿ ಡಬ್ಬಿ ಇರಲಿಲ್ಲ. ಅದರಾಚೆಯ ಎರಡು ಮನೆಯಲ್ಲೂ ಇರಲಿಲ್ಲ. ವಾರದೊಳಗೆ ಹತ್ತು ಮನೆ ನಿಂತಿತು. ಹೂವಮ್ಮ ಗೊತ್ತಿದ್ದೂ ಚೆಲ್ಲಿದಳಂತೆ, ಅವಳೇ ಒಪ್ಪಿಕೊಂಡಳಂತೆ ಎಂಬ ಮಾತು ಮನೆಯಿಂದ ಮನೆಗೆ ನಡೆದಿತ್ತು. ಮನೋರಮಾ ಮುಖದ ಮೇಲೇ ಹೇಳಿದಳು. "ಬೇಜಾರು ಮಾಡ್ಕೋಬೇಡ. ಇವತ್ತು ಬೀಜ ಹೋಯ್ತು, ನಾಳೆ ನಮ್ಮನೆಯದ್ದು ಇನ್ನೊಂದು ಹೋಗತ್ತೆ. ನಾವೇ ಹೆಂಗೋ ತೊಳ್ಕಳ್ತೀವಿ."

ತಿಮ್ಮಣ್ಣ ಸಂಜೆ ಖಾಲಿ ಗಾಡಿ ನೋಡಿದ. "ನಿಂಗೆ ಇಲ್ಲ ಅನ್ನೋಕೆ ಬಾಯಿರ್ಲಿಲ್ವ ಅಕ್ಕಯ್ಯ? ಒಂದಕ್ಷರ."

"ಕೈ ಹೋಗಿತ್ತಲ್ಲೋ."

"ಕೈ ಹೋಗಿದ್ದು ನೋಡಿದೋರ್ಯಾರು?"

"ಕೈಯಿಗೆ ಗೊತ್ತಲ್ಲ."

ಅವನು ಪಂಪು ತೆಗೆದುಕೊಂಡು ಯಾವುದೋ ಟೈರಿಗೆ ಗಾಳಿ ಹೊಡೆಯುತ್ತ ಕೂತ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಪುಷ್ಪಮ್ಮನನ್ನು ಕೇಳಿಕೊಂಡು ಹೂವಮ್ಮ ಊರ ಹೊರಗೆ ಟ್ರಾಕ್ಟರ್ ಸುರಿಯುವ ಜಾಗಕ್ಕೂ ಹೋದಳು. ನಡುವೆ ಒಂದು ಅಡ್ಡಮಳೆ ಬಿದ್ದಿತ್ತು. ಇಬ್ಬರೂ ಕೋಲು ಹಿಡಿದು ಕೆದಕಿದರು. ಊರೆಲ್ಲದರ ಬೂದಿ ಒಂದೇ ಬಣ್ಣವಾಗಿ ಕೆಸರಾಗಿತ್ತು. "ಇದ್ರಾಗೆ ಬೀಜ ಹುಡ್ಕದು ಅಂದ್ರೆ" ಎಂದು ಪುಷ್ಪಮ್ಮ ಬೆನ್ನು ನೆಟ್ಟಗೆ ಮಾಡಿದಳು. "ಮನ್ಸ್ರು ಕಳ್ದೋದ್ರೂ ಸಿಗಲ್ಲ ಇಲ್ಲಿ." ಆದರೂ ಕತ್ತಲಾಗುವವರೆಗೆ ಬಿಟ್ಟುಹೋಗಲಿಲ್ಲ.

ವೇದಾವತಿ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದಳು, ಅಂಗಡಿಗೆ ಹೋಗುವ ಚೀಲ ಹಿಡಿದುಕೊಂಡು. ನಿಂತೇ ಮಾತಾಡಿದಳು.

"ನಾನೇ ಎಲ್ಲಾ ತಿಕ್ಕು ಅಂದಿದ್ದು ಅಂತ ಅತ್ತೆ ಹತ್ರ ಹೇಳ್ಬೇಕು ಹೂವಮ್ಮ. ದಿನಾ ಬೆಳಗಾದ್ರೆ ಹೇಳ್ಬೇಕು ಅಂತ ಏಳ್ತೀನಿ. ಬಾಯಿ ಬರಲ್ಲ. ಅವ್ರು ಊಟ ಬಿಟ್ಟಿದಾರೆ. ನೀನು ಸಿಟ್ಟು ಮಾಡ್ಕೋಬೇಡ."

"ಹೇಳ್ಬೇಡಿ ಅಂತ ನಾನೆಲ್ಲಿ ಅಂದೆ ಅಮ್ಮ?" ಎಂದಳು ಹೂವಮ್ಮ. ಅದಕ್ಕಿಂತ ಮೆತ್ತಗೆ ಹೇಳುವುದು ಅವಳಿಂದ ಆಗಲಿಲ್ಲ.

ಹುಡುಗಿಯ ಕಣ್ಣು ತುಂಬಿತು. ಹೋಗುವಾಗ ಒಂದು ಮಾತು ಹೇಳಿ ಹೋದಳು. ಮುಳುಗಿದ ಊರಲ್ಲಿ ಅತ್ತೆಯ ಪಕ್ಕದ ಮನೆಯವರು ತೀರ್ಥಹಳ್ಳಿಯಾಚೆ ಹೋಗಿ ನೆಲೆಸಿದ್ದರು. ಹೊರಡುವಾಗ ಅತ್ತೆ ಅವರಿಗೂ ಆ ಬೀಜದಲ್ಲಿ ಒಂದು ಹಿಡಿ ಕೊಟ್ಟಿದ್ದರಂತೆ.

ಉಳಿದ ಎಂಟು ಮನೆಯನ್ನು ಎರಡು ದಿನ ಬಿಟ್ಟರೆ ಅವರೂ ಕೈಬಿಡಬಹುದು ಎಂದು ಗೊತ್ತಿದ್ದೇ ಹೂವಮ್ಮ ಬೆಳಗಿನ ಬಸ್ಸು ಹತ್ತಿದಳು. ತೀರ್ಥಹಳ್ಳಿಯಲ್ಲಿ ಇಳಿದು, ಕೇಳಿಕೊಂಡು, ಇನ್ನೊಂದು ಬಸ್ಸು ಹಿಡಿದು, ಅಲ್ಲಿಂದ ಎರಡು ಮೈಲಿ ನಡೆದಳು. ಮನೆ ಸಿಕ್ಕಿತು. ಮನೆಯಾಕೆ ವಾಗ್ದೇವಿ ಮಜ್ಜಿಗೆ ಕೊಟ್ಟು ಜಗಲಿಯಲ್ಲಿ ಕೂರಿಸಿದಳು. ಮಹಾಲಕ್ಷ್ಮಮ್ಮನ ಹೆಸರು ಕೇಳಿ ಅವಳ ಮುಖ ಅರಳಿತು.

"ಆ ಗೆರೆ ಮೊಗೆಕಾಯಾ? ಅಯ್ಯೋ, ಎಂಥಾ ರುಚಿ ಅದು! ಮಗಳ ಮದುವೆ ವರ್ಷ ಬೀಜ ಇಡೋದು ತಪ್ಪಿಹೋಯ್ತು. ಆಮೇಲೆ ಇಲ್ಲವೇ ಇಲ್ಲ. ಈಗ ಸಂತೆಯದ್ದೇ ತರೋದು. ಮಹಾಲಕ್ಷ್ಮಕ್ಕನ ಹತ್ರ ಇದ್ದೇ ಇರತ್ತೆ, ಒಂದ್ಸಲ ಹೋಗಿ ಇಸ್ಕೊಂಡು ಬರಬೇಕು ಅಂತ ನಾವೇ ಮಾತಾಡ್ಕೊಳ್ತಾ ಇದ್ವಿ. ನೀವು ಅದನ್ನೇ ತಂದಿರಾ ಅಂದ್ಕೊಂಡೆ."

ಹೂವಮ್ಮ ಲೋಟ ತೊಳೆದು ಬೋರಲಿಟ್ಟು ಎದ್ದಳು.

ಸಾಗರಕ್ಕೆ ಬಂದವಳು ನೇರ ಆ ಹಿಂಬಾಗಿಲಿಗೇ ಹೋದಳು. ಮಹಾಲಕ್ಷ್ಮಮ್ಮ ಒಗೆಯುವ ಕಲ್ಲಿನ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದರು. ಹೂವಮ್ಮ ದೂರ ನಿಂತು ಹೋದದ್ದು, ಕೇಳಿದ್ದು, ಅವರು ಹೇಳಿದ್ದು ಎಲ್ಲ ಹೇಳಿದಳು.

"ಅಲ್ಲಿವರೆಗೆ ಹೋಗಿದ್ಯಾ?" ಎಂದರು ಮುದುಕಿ. ಕೈಯಲ್ಲಿದ್ದ ಬತ್ತಿ ಹೊಸೆದು ಮುಗಿಸಿ ಕೇಳಿದರು. "ವಾಗ್ದೇವಿ ಕೂದ್ಲು ಬೆಳ್ಳಗಾಗಿದ್ದಾ?"

"ಅರ್ಧ ಆಗಿದೆ ಅಮ್ಮ."

"ಅವ್ಳೂ ಇಟ್ಟಿಲ್ಲ ಹಂಗಾದ್ರೆ." ಬತ್ತಿ ಹೊಸೆಯುವ ಕೈ ನಿಂತಿತು. "ಮುಗೀತು ಅದು."

ಹೂವಮ್ಮ ತಿರುಗಿ ಹೊರಟಳು. ವರದಮ್ಮನ ಮನೆಯ ಮೆಟ್ಟಿಲ ಕೆಳಗಿನ ಕೋಣೆ ಕಣ್ಣೆದುರು ಬಂದಿತ್ತು. ತೆಂಗಿನಕಾಯಿ ಯಾವ ಮೂಲೆಗೆ, ಚಾಪೆ ಯಾವ ಮೂಲೆಗೆ ಎಂಬುದು ಸಹ. ಹಿಂದಿಂದ ಮುದುಕಿಯ ದನಿ ಕೇಳಿತು.

"ಗುರುವಾರ ನಾವು ಡಬ್ಬಿ ಇಡ್ತ್ಯ. ನಾನು ಎದ್ರಿಗೆ ನಿಂತಿರ್ತಿ. ಕೈ ಹಾಕಿ ತಳದ ತನಕ ನೋಡಿ, ಆಮೇಲೆ ಚೆಲ್ಲು."

ಕ್ಷಮಿಸಿದರೋ, ಶಿಕ್ಷೆ ಕೊಟ್ಟರೋ ಹೂವಮ್ಮನಿಗೆ ತಿಳಿಯಲಿಲ್ಲ. ಮುದುಕಿಗೂ ತಿಳಿದಿತ್ತೋ ಇಲ್ಲವೋ.

ಗುರುವಾರದ ಹೊತ್ತಿಗೆ ಕೇರಿಯೆಲ್ಲ ಅದನ್ನು ಕಲಿತಿತ್ತು. ಮಹಾಲಕ್ಷ್ಮಮ್ಮನ ಮನೆಯವರು ಡಬ್ಬಿ ಇಟ್ಟ ಮೇಲೆ ಉಳಿದವರೂ ಇಟ್ಟರು. ಎರಡು ದಿನ ತಾನೇ ತೊಳೆದು ನೋಡಿದ ಮನೋರಮಾ ಆ ಉಳಿದವರೆಲ್ಲರಿಗಿಂತ ಮುಂಚೆ ಇಟ್ಟಳು. ಆದರೆ ಬೆನ್ನು ತಿರುಗಿಸಿ ಒಳಗೆ ಹೋಗುವವರು ಈಗ ಯಾರೂ ಇರಲಿಲ್ಲ. ಒಂದೊಂದು ಹಿಂಬಾಗಿಲಲ್ಲಿ ಒಬ್ಬೊಬ್ಬರು, ಸೊಂ‍ಟಕ್ಕೆ ಕೈಯಿಟ್ಟು, ಸೆರಗು ಮೂಗಿಗೊತ್ತಿ. ಕೋಲಿನಿಂದ ಕೆದಕುತ್ತೇನೆ ಎಂದರೆ ಒಪ್ಪರು. ಕೈಯೇ ಆಗಬೇಕು. ಯಾವ ಕಣ್ಣಿನಿಂದ ತಪ್ಪಿಸಿಕೊಂಡು ಈ ಕೆಲಸ ಹಿಡಿದಳೋ ಆ ಕಣ್ಣು ಒಂದಿದ್ದದ್ದು ಹದಿನೆಂಟಾಗಿ ಅವಳ ಮುಂದೆ ನಿಂತಿತ್ತು. ವರದಮ್ಮನ ಮನೆಗೆ ಹೋಗುವುದು ತಪ್ಪಿತು. ತಪ್ಪಿದ್ದಷ್ಟೇ.

ವೇದಾವತಿಯ ಹಿಂಬಾಗಿಲಿಗೆ ಬಂದಾಗ ಅಲ್ಲಿ ಬೇರೆಯೇ ಕಂಡಿತು. ಹುಡುಗಿ ನೆಲದ ಮೇಲೆ ಹಳೆಯ ಪೇಪರು ಹಾಸಿ, ಡಬ್ಬಿಯ ಕಸವನ್ನೆಲ್ಲ ಅದರ ಮೇಲೆ ಸುರಿದು, ಬರಿಗೈಯಲ್ಲಿ ಹರಡಿ ನೋಡುತ್ತಿದ್ದಳು. ಮುಂಗೈಯವರೆಗೂ ಕೊಳೆ. ಓಕರಿಕೆ ಬಂದಾಗ ಮುಖ ಆಚೆ ತಿರುಗಿಸಿ, ಮತ್ತೆ ಈಚೆ ತಿರುಗಿಸುತ್ತಿದ್ದಳು. ಮಹಾಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದರು.

"ನೀನೆಂತಕ್ಕೆ ಕೈ ಹಾಕ್ತೇ? ಅವ್ಳು ನೋಡ್ತು."

"ಇರ್ಲಿ ಅತ್ತೆ. ನಾನೇ ನೋಡ್ತಿ."

ಮುದುಕಿ ಸೊಸೆಯ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಹೂವಮ್ಮನನ್ನು ನೋಡಿದರು. ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು. ಕೇಳಿದ್ದರೆ ಹೂವಮ್ಮ ಏನು ಹೇಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅವಳು ಬಗ್ಗಿ ಪೇಪರಿನ ನಾಲ್ಕು ಮೂಲೆ ಕೂಡಿಸಿ ಕಸ ಎತ್ತಿಕೊಂಡಳು.

"ಕೈ ತೊಳ್ಕ, ಹೋಗು" ಎಂದರು ಮುದುಕಿ ಸೊಸೆಗೆ. ಒಂದು ತಂಬಿಗೆ ನೀರು ತಾವೇ ತಂದು ಅವಳ ಕೈಗೆ ಹೊಯ್ದರು.

ಹೂವಮ್ಮ ಖಾಲಿ ಡಬ್ಬಿಯನ್ನು ಗಾಡಿಗೆ ಹಾಕಿ ಮುಂದಿನ ಮನೆಗೆ ಎಳೆದಳು. ಮನೋರಮಾ ಡಬ್ಬಿಯನ್ನು ಕಾಲಿನಿಂದ ಮುಂದಕ್ಕೆ ದೂಡಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಕೈ ಹಾಕಿ ನೋಡು. ನಾನು ನೋಡ್ತಾ ಇದೀನಿ."

ಹೂವಮ್ಮ ರವಿಕೆಯ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿದಳು. ಎರಡು ದಿನದ ಅನ್ನ ಒಳಗೆ ಬೆಚ್ಚಗಿತ್ತು. ಬೆರಳು ಬಿಡಿಸಿಕೊಂಡು, ತಳದ ತಗಡು ಸಿಗುವವರೆಗೂ ಕೈ ಇಳಿಸಿದಳು.